ಪರಕೀಯ ಡಿಸ್ಕಿನ ಮೇಲೆ ಬರೆಯುವ ಅಧಿಕಾರ: ಲಿನಕ್ಸಿನಲ್ಲಿ ವಿಂಡೋಸ್ ವಿಭಾಗಗಳ ಪೂರ್ವೋತ್ತರ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳನ್ನು ಇರಿಸಿಕೊಂಡವರಿಗೆಲ್ಲ ಒಂದು ಅನುಭವ ಪರಿಚಿತವಾದುದು. ವಿಂಡೋಸಿನಲ್ಲಿ ಬರೆದಿಟ್ಟ ಪ್ರಬಂಧವನ್ನು ಲಿನಕ್ಸಿನಲ್ಲಿ ತೆರೆಯಬಹುದು, ಓದಬಹುದು. ಒಂದು ಅಕ್ಷರವನ್ನು ತಿದ್ದಿ ಉಳಿಸಹೊರಟರೆ ಮಾತ್ರ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ಯಂತ್ರ ತನ್ನದು, ಡಿಸ್ಕು ತನ್ನದು, ಪ್ರಬಂಧವೂ ತಾನೇ ಬರೆದದ್ದು. ಆದರೂ ಬರೆಯುವ ಅಧಿಕಾರ ತನಗಿಲ್ಲ. ಈ ಅಧಿಕಾರವನ್ನು ಕಸಿದುಕೊಂಡವರು ಯಾರು? ಕೈಪಿಡಿಗಳು ಪರಿಹಾರವನ್ನು ಒಂದೆರಡು ಸಾಲುಗಳಲ್ಲಿ ಹೇಳಿ ಮುಗಿಸುತ್ತವೆ; ಕಾರಣವನ್ನು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಆ ಕಾರಣವನ್ನು ಐತಿಹಾಸಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಿರಾಕರಣೆ ಒಂದೇ ಬಗೆಯದೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ, ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಮೂರು ನಿರಾಕರಣೆಗಳು ಒಂದೇ ಮಾತಿನ ಮರೆಯಲ್ಲಿ ಅಡಗಿವೆ. ಇದು ಬರಿಯ ಪಂಡಿತರ ವಿಂಗಡಣೆಯೆಂದು ತಳ್ಳಿಹಾಕುವಂತಿಲ್ಲ. ಒಂದಕ್ಕೆ ಹೇಳಿದ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಬರೆಯುವ ಅಧಿಕಾರವೇನೋ ದೊರೆಯಬಹುದು. ಬರೆಯಬೇಕಾದ ಕಡತವೇ ಉಳಿಯದೆ ಹೋಗುವ ಸಂಭವವೂ ಉಂಟು.

ಮೊದಲು ಯುನಿಕ್ಸ್ ಪರಂಪರೆಯನ್ನು ನೋಡಬೇಕು. ಲಿನಕ್ಸ್ ತನ್ನ ಕಲ್ಪನೆಗಳನ್ನು ಪಡೆದದ್ದು ಅಲ್ಲಿಂದಲೇ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯುನಿಕ್ಸ್, ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ಸಂದರ್ಭಕ್ಕಾಗಿ ಬೆಳೆದ ವ್ಯವಸ್ಥೆ. ಆದುದರಿಂದ ಅಲ್ಲಿ ಒಡೆಯನಿಲ್ಲದ ಕಡತವೆಂಬುದು ಇಲ್ಲ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ೧೯೭೪ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಪ್ರತಿಯೊಂದು ಕಡತಕ್ಕೂ ಏಳು ರಕ್ಷಣಾ ಚಿಹ್ನೆಗಳಿರುತ್ತವೆಂದು ವಿವರಿಸಿದೆ. ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಅಧಿಕಾರಗಳು ಒಡೆಯನಿಗೆ ಬೇರೆ, ಇತರರಿಗೆ ಬೇರೆ, ಹೀಗೆ ಆರು. ಏಳನೆಯದು ಕಾರ್ಯಕ್ರಮವೊಂದನ್ನು ಅದರ ಒಡೆಯನ ಹೆಸರಿನಲ್ಲಿ ನಡೆಸುವ ವಿಶೇಷಾಧಿಕಾರ. ಮುಂದೆ ಒಡೆಯನಿಗೂ ಇತರರಿಗೂ ನಡುವೆ ಗುಂಪು ಎಂಬ ಮೂರನೆಯ ವರ್ಗ ನೆಲೆಗೊಂಡು, ಆರು ಚಿಹ್ನೆಗಳು ಒಂಬತ್ತಾದುವು. ಇಂದಿನ ವಿದ್ಯಾರ್ಥಿಗಳು ೭೫೫, ೬೪೪ ಎಂದು ಬರೆಯುವ ಅಂಕೆಗಳು ಈ ಒಂಬತ್ತು ಚಿಹ್ನೆಗಳ ಸಂಕ್ಷೇಪವೇ. ಒಡೆಯನನ್ನೂ ಹೆಸರಿನಿಂದಲ್ಲ, ಒಂದು ಅಂಕೆಯಿಂದ ಗುರುತಿಸುತ್ತಾರೆ. ರೂಟ್ ಎಂಬ ಪರಮಾಧಿಕಾರಿಯ ಅಂಕೆ ಸೊನ್ನೆ.

(ಪ್ರಸಂಗವಶಾತ್ ಒಂದು ಮಾತು. ಫೈಲ್ ಎಂಬುದಕ್ಕೆ ನಾವು ಬಳಸುತ್ತಿರುವ ಕಡತ ಎಂಬ ಪದ ಇಲ್ಲಿ ಆಕಸ್ಮಿಕವಾಗಿಯೇ ಒಪ್ಪುತ್ತದೆ. ಹಿಂದೆ ನಮ್ಮ ಮಠಗಳಲ್ಲಿಯೂ ವರ್ತಕರ ಅಂಗಡಿಗಳಲ್ಲಿಯೂ ಬಳಕೆಯಲ್ಲಿದ್ದ ಕಡತವೆಂದರೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಮಡಿಸಿಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಒರಸುವ ಸೌಕರ್ಯವಿದ್ದೆಡೆ ಒರಸುವ ಅಧಿಕಾರ ಯಾರದೆಂಬ ಪ್ರಶ್ನೆಯೂ ಏಳುತ್ತದೆ; ತಾಮ್ರಶಾಸನದ ವಿಷಯದಲ್ಲಿ ಅದು ಅಷ್ಟಾಗಿ ಏಳದು.)

ಯುನಿಕ್ಸಿನ ಇನ್ನೊಂದು ಕಲ್ಪನೆಯೂ ನಮಗೆ ಮುಖ್ಯವಾದುದು. ಅಲ್ಲಿ ಎಲ್ಲ ಕಡತಗಳೂ ಒಂದೇ ಮರದ ಎಲೆಗಳಂತೆ ಇರುತ್ತವೆ. ಹೊಸ ಡಿಸ್ಕೊಂದನ್ನು ಸೇರಿಸಬೇಕಾದರೆ ಮರದ ಯಾವುದಾದರೊಂದು ಎಲೆಯಿರುವ ಜಾಗದಲ್ಲಿ ಆ ಡಿಸ್ಕಿನ ಇಡೀ ಕೊಂಬೆಯನ್ನು ಕಸಿಮಾಡಬೇಕು. ಇದಕ್ಕೆ ಮೌಂಟ್ ಮಾಡುವುದೆಂದು ಹೆಸರು. ಕಸಿಯಾದ ಕೊಂಬೆ ಬೇರೆ ಜಾತಿಯ ಮರದಿಂದ ಬಂದಿದ್ದರೂ ತಾಯಿಮರದ ನಿಯಮಕ್ಕೆ ಒಳಗಾಗಲೇಬೇಕು. ಅದರ ಪ್ರತಿಯೊಂದು ಎಲೆಗೂ ಒಬ್ಬ ಒಡೆಯನಿರಬೇಕು, ಒಂಬತ್ತು ಚಿಹ್ನೆಗಳಿರಬೇಕು. ಮುಂದಿನ ತೊಡಕಿಗೆಲ್ಲ ಬೀಜ ಇಲ್ಲಿದೆ.

ಅತ್ತ ಮೈಕ್ರೋಸಾಫ್ಟ್ ಸಂಸ್ಥೆಯ ಫ್ಯಾಟ್ ಎಂಬ ಕಡತವ್ಯವಸ್ಥೆ ಹುಟ್ಟಿದ್ದು ೧೯೭೭ರಲ್ಲಿ. ಮಾರ್ಕ್ ಮೆಕ್‌ಡೊನಾಲ್ಡ್ ಅದನ್ನು ಫ್ಲಾಪಿ ಡಿಸ್ಕಿಗಾಗಿ ರೂಪಿಸಿದರು. ೧೯೮೧ರಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರಿನೊಡನೆ ಅದು ಮನೆಮನೆಯನ್ನು ಹೊಕ್ಕಿತು. ಒಬ್ಬನೇ ಕುಳಿತು ಬಳಸುವ ಯಂತ್ರವದು. ಕಡತದ ಒಡೆಯ ಯಾರೆಂದು ಕೇಳುವ ಅವಶ್ಯಕತೆಯೇ ಇರಲಿಲ್ಲ. ಫ್ಯಾಟಿನ ಪಟ್ಟಿಯಲ್ಲಿ ಪ್ರತಿಯೊಂದು ಕಡತಕ್ಕೂ ೩೨ ಬೈಟುಗಳ ಒಂದು ನಮೂದು ಇರುತ್ತದೆ. ಹೆಸರು, ಗಾತ್ರ, ಕಾಲ, ಕಡತ ಆರಂಭವಾಗುವ ಜಾಗ ಎಲ್ಲವೂ ಅದರಲ್ಲಿ ಅಡಕವಾಗಿವೆ. ಓದಲು ಮಾತ್ರ, ಗುಪ್ತ, ವ್ಯವಸ್ಥೆಗೆ ಸೇರಿದ್ದು ಎಂಬಂಥ ಗುರುತುಗಳಿಗೆ ಒಂದು ಬೈಟೂ ಇದೆ. ಒಡೆಯನ ಹೆಸರಿಗೆ ಅದರಲ್ಲಿ ಸ್ಥಳವೇ ಇಲ್ಲ. ಇದು ಮರೆವಲ್ಲ, ಒಂಟಿಮನೆಗೆ ಬಾಡಿಗೆದಾರರ ಪಟ್ಟಿ ಏತಕ್ಕೆ?

೧೯೯೧ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಲಿನಕ್ಸನ್ನು ಆರಂಭಿಸಿದ ಮೇಲೆ, ಕೆಲವೇ ಕಾಲದಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಫ್ಯಾಟನ್ನು ಓದಿ ಬರೆಯುವ ಚಾಲಕ ತಂತ್ರಾಂಶವನ್ನು ರಚಿಸಿದರು. ಫ್ಯಾಟಿನ ರಚನೆ ಗೂಢವಾಗಿರಲಿಲ್ಲ, ಬರೆಯುವುದೂ ಕಷ್ಟವಾಗಲಿಲ್ಲ. ತೊಂದರೆ ಬೇರೊಂದು ಕಡೆ ತಲೆದೋರಿತು. ಒಡೆಯರಿಲ್ಲದ ಕಡತಗಳನ್ನು ಒಡೆಯರಿರಲೇಬೇಕಾದ ಮರಕ್ಕೆ ಕಸಿಮಾಡುವುದು ಹೇಗೆ? ಚಾಲಕವು ಕಂಡುಕೊಂಡ ಉಪಾಯ ಸರಳವಾದುದು: ಡಿಸ್ಕಿನಲ್ಲಿ ಒಡೆಯನಿಲ್ಲದಿದ್ದರೆ ಮೌಂಟ್ ಮಾಡಿದವನನ್ನೇ ಎಲ್ಲ ಕಡತಗಳ ಒಡೆಯನೆಂದು ತಿಳಿಯುವುದು. ಇದೊಂದು ಸಂಕೇತ, ಒಂದು ಒಪ್ಪಂದ. ಡಿಸ್ಕಿನ ಮೇಲೆ ಎಲ್ಲಿಯೂ ಇದು ಬರೆದಿರುವುದಿಲ್ಲ.

ಆದರೆ ಮೌಂಟ್ ಮಾಡುವ ಅಧಿಕಾರ ಸಾಮಾನ್ಯವಾಗಿ ಇದ್ದುದು ರೂಟ್ ಒಬ್ಬನಿಗೆ. ಯಂತ್ರ ಆರಂಭವಾಗುವಾಗ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯನ್ನು ನೋಡಿ ಡಿಸ್ಕುಗಳನ್ನು ಜೋಡಿಸುವವನೂ ಅವನೇ. ಆದುದರಿಂದ ಎಲ್ಲ ಕಡತಗಳೂ ರೂಟಿನ ಪಾಲಾದುವು. ಇನ್ನು ಚಿಹ್ನೆಗಳ ವಿಷಯ. ಅವುಗಳನ್ನು ಯುಮಾಸ್ಕ್ ಎಂಬ ಅಂಕೆಯಿಂದ ನಿರ್ಣಯಿಸುತ್ತಾರೆ. ಯುಮಾಸ್ಕ್ ಕೊಡುವ ಅಂಕೆಯಲ್ಲ, ಕಳೆಯುವ ಅಂಕೆ. ರೂಢಿಯ ೦೨೨ ಎಂಬುದು ಗುಂಪಿನಿಂದಲೂ ಇತರರಿಂದಲೂ ಬರೆಯುವ ಅಧಿಕಾರವನ್ನು ಕಳೆದು, ೭೫೫ನ್ನು ಉಳಿಸುತ್ತದೆ: ಒಡೆಯ ಬರೆಯಬಹುದು, ಉಳಿದವರು ಓದಬಹುದು. ಲೇಖನದ ಮೊದಲಿನಲ್ಲಿ ಹೇಳಿದ ಅನುಭವಕ್ಕೆ ಇದು ಸರಿಯಾಗಿ ಹೊಂದುತ್ತದೆಯಷ್ಟೆ. ಇಲ್ಲಿ ನಮ್ಮ ಅಧಿಕಾರವನ್ನು ಯಾರೂ ಕಸಿದುಕೊಳ್ಳಲಿಲ್ಲ. ಯಾರಿಗೂ ಸೇರದ ವಸ್ತುವಿಗೆ ಒಬ್ಬ ಒಡೆಯನನ್ನು ಕಲ್ಪಿಸಬೇಕಾಗಿ ಬಂದಾಗ, ಎದುರಿಗಿದ್ದವನನ್ನು ಆರಿಸಿದರು; ಎದುರಿಗಿದ್ದವನು ರೂಟ್.

ಈ ಸಂಗತಿಯನ್ನು ಅರಿಯದವರು ಚ್‌ಮಾಡ್ ಎಂಬ ಆಜ್ಞೆಯಿಂದ ಕಡತಗಳಿಗೆ ೭೭೭ರ ಪೂರ್ಣಾಧಿಕಾರವನ್ನು ಕೊಡಲು ಹೊರಡುತ್ತಾರೆ. ರೂಟ್ ಆಗಿಯೇ ಆಜ್ಞಾಪಿಸಿದರೂ ಅದು ನಡೆಯದಿರುವುದನ್ನು ಕಂಡು ಬೆರಗಾಗುತ್ತಾರೆ. ಹೊಸ ಚಿಹ್ನೆಗಳನ್ನು ಬರೆದಿಡಲು ಡಿಸ್ಕಿನಲ್ಲಿ ಜಾಗವೇ ಇಲ್ಲದಿರುವಾಗ ಆಜ್ಞೆ ಮಾಡುವುದಾದರೂ ಏನು? ಬದಲಾಯಿಸಬೇಕಾದುದು ಕಡತವನ್ನಲ್ಲ, ಜೋಡಿಸುವಾಗಿನ ಒಪ್ಪಂದವನ್ನು. ವಿಭಾಗವನ್ನು ಒಮ್ಮೆ ಬಿಡಿಸಿ, ಯುಐಡಿ, ಜಿಐಡಿ ಎಂಬಲ್ಲಿ ಬಳಕೆದಾರನ ಮತ್ತು ಅವನ ಗುಂಪಿನ ಅಂಕೆಗಳನ್ನು (ಮೊದಲನೆಯ ಬಳಕೆದಾರನಿಗೆ ಇದು ಅನೇಕ ವಿತರಣೆಗಳಲ್ಲಿ ೧೦೦೦) ಸೂಚಿಸಿ ಮತ್ತೆ ಜೋಡಿಸಿದರೆ ಎಲ್ಲವೂ ಅವನ ವಶವಾಗುತ್ತದೆ. ಕಡತಗಳಿಗೂ ಕೋಶಗಳಿಗೂ ಬೇರೆ ಬೇರೆ ಅಧಿಕಾರ ಬೇಕಾದವರಿಗಾಗಿ ಎಫ್‌ಮಾಸ್ಕ್, ಡಿಮಾಸ್ಕ್ ಎಂಬ ಎರಡು ಸೂಚನೆಗಳೂ ಮುಂದೆ ಬಂದುವು. ಇವನ್ನು ಎಫ್‌ಎಸ್‌ಟ್ಯಾಬಿನಲ್ಲಿ ಬರೆದಿಟ್ಟರೆ ಪ್ರತಿಬಾರಿಯೂ ಹೇಳುವ ಅಗತ್ಯವಿಲ್ಲ.

ಫ್ಯಾಟ್ ಚಾಲಕದಲ್ಲಿ ಕ್ವಯಟ್ ಎಂಬ ಇನ್ನೊಂದು ವಿಚಿತ್ರ ಸೂಚನೆಯುಂಟು. ಅದನ್ನು ಕೊಟ್ಟರೆ, ಒಡೆಯನನ್ನೋ ಚಿಹ್ನೆಗಳನ್ನೋ ಬದಲಾಯಿಸುವ ಆಜ್ಞೆ ವಿಫಲವಾದರೂ ದೋಷವನ್ನು ವರದಿ ಮಾಡುವುದಿಲ್ಲ. ಯುನಿಕ್ಸಿನ ಅಭ್ಯಾಸದಲ್ಲಿ ಬೆಳೆದ ಕಾರ್ಯಕ್ರಮಗಳು ಕಡತವನ್ನು ನಕಲು ಮಾಡಿದೊಡನೆ ಚಿಹ್ನೆಗಳನ್ನೂ ನಕಲು ಮಾಡಹೊರಟು, ಸೋತು, ಗೊಣಗುತ್ತವೆ. ಆ ಗೊಣಗಾಟವನ್ನು ಅಡಗಿಸಲು ಇದು ಒದಗುತ್ತದೆ. ಎಚ್ಚರಿಕೆಯಿಂದ ಬಳಸಬೇಕೆಂದು ಕೈಪಿಡಿಯೇ ತಿಳಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡು ಸಂಪ್ರದಾಯಗಳ ನಡುವಣ ಬಿರುಕನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆ ಇನ್ನೊಂದಿಲ್ಲ. ಇದಕ್ಕೆ ವಿರುದ್ಧವಾದ ಪ್ರಯತ್ನವೂ ನಡೆಯದಿರಲಿಲ್ಲ. ಜಾಕ್ ಜೆಲಿನಾ ರಚಿಸಿದ ಯುಎಂಎಸ್‌ಡಾಸ್ ಎಂಬ ವ್ಯವಸ್ಥೆ, ಫ್ಯಾಟ್ ಡಿಸ್ಕಿನ ಪ್ರತಿಯೊಂದು ಕೋಶದಲ್ಲಿಯೂ ಒಂದು ವಿಶೇಷ ಕಡತವನ್ನಿಟ್ಟು ಒಡೆಯರ ವಿವರಗಳನ್ನು ಅದರಲ್ಲಿ ಬರೆದಿಡುತ್ತಿದ್ದಿತು. ಡಿಸ್ಕನ್ನು ವಿಭಾಗಿಸದೆಯೇ ಲಿನಕ್ಸನ್ನು ಅನುಸ್ಥಾಪಿಸಲು ಅದು ಕೆಲಕಾಲ ನೆರವಾಯಿತು. ಅನಂತರ ಬಳಕೆ ತಪ್ಪಿ ಕರ್ನಲಿನಿಂದ ಹೊರಬಿದ್ದಿತು.

ಎರಡನೆಯ ನಿರಾಕರಣೆಯ ಸ್ವರೂಪ ಇದಕ್ಕೆ ತದ್ವಿರುದ್ಧವಾದುದು. ಡಿಜಿಟಲ್ ಸಂಸ್ಥೆಯಲ್ಲಿ ವಿಎಂಎಸ್ ವ್ಯವಸ್ಥೆಯನ್ನು ರೂಪಿಸಿದವರಲ್ಲೊಬ್ಬರಾದ ಡೇವ್ ಕಟ್ಲರ್ ೧೯೮೮ರಲ್ಲಿ ಮೈಕ್ರೋಸಾಫ್ಟನ್ನು ಸೇರಿದರು. ಅವರ ಮುಂದಾಳುತನದಲ್ಲಿ ಸಿದ್ಧವಾದ ವಿಂಡೋಸ್ ಎನ್‌ಟಿ ೧೯೯೩ರಲ್ಲಿ ಹೊರಬಂದಿತು; ಅದರೊಡನೆ ಎನ್‌ಟಿಎಫ್‌ಎಸ್ ಎಂಬ ಹೊಸ ಕಡತವ್ಯವಸ್ಥೆಯೂ ಬಂದಿತು. ಇಲ್ಲಿ ಒಡೆಯರ ಕೊರತೆಯಿಲ್ಲ. ಪ್ರತಿಯೊಂದು ಕಡತಕ್ಕೂ ಯಾರಿಗೆ ಯಾವ ಅಧಿಕಾರವೆಂಬ ವಿವರವಾದ ಪಟ್ಟಿಯುಂಟು. ಯುನಿಕ್ಸಿನ ಒಂಬತ್ತು ಚಿಹ್ನೆಗಳಿಗಿಂತ ಅದು ಎಷ್ಟೋ ಸೂಕ್ಷ್ಮವಾದುದು. ಆದರೆ ಒಡೆಯರನ್ನು ಹೆಸರಿಸುವ ರೀತಿ ಬೇರೆ. ಯುನಿಕ್ಸಿನಲ್ಲಿ ೧೦೦೦ ಎಂಬಂಥ ಚಿಕ್ಕ ಅಂಕೆ. ಎನ್‌ಟಿಯಲ್ಲಿ ಆಯಾ ಯಂತ್ರವನ್ನೇ ಗುರುತಿಸುವ ಭಾಗವನ್ನು ಒಳಗೊಂಡ ಉದ್ದನೆಯ ಭದ್ರತಾ ಸಂಖ್ಯೆ. ಇಬ್ಬರೂ ಒಬ್ಬನೇ ಮನುಷ್ಯನೆಂದು ಹೇಳುವ ಸಾಕ್ಷಿ ಎರಡು ವ್ಯವಸ್ಥೆಗಳಲ್ಲಿಯೂ ಇಲ್ಲ.

ಇಷ್ಟೇ ಆಗಿದ್ದರೆ ಫ್ಯಾಟಿಗೆ ಮಾಡಿದಂತೆ ಇಲ್ಲಿಯೂ ಒಂದು ಒಪ್ಪಂದ ಮಾಡಿಕೊಳ್ಳಬಹುದಾಗಿದ್ದಿತು. ಆದರೆ ಎನ್‌ಟಿಎಫ್‌ಎಸ್‌ನ ಒಳರಚನೆಯ ಸಂಪೂರ್ಣ ವಿವರಗಳನ್ನು ಮೈಕ್ರೋಸಾಫ್ಟ್ ಪ್ರಕಟಿಸಿರಲಿಲ್ಲ. ೧೯೯೫ರಿಂದ ಮಾರ್ಟಿನ್ ಫಾನ್ ಲೋವಿಸ್ ಈ ಕಾರ್ಯವನ್ನು ಕೈಗೊಂಡರು. ಅವರ ಚಾಲಕ ೧೯೯೭ರ ಕೊನೆಯಲ್ಲಿ ಕರ್ನಲಿಗೆ ಸೇರಿತು. ರಿಚರ್ಡ್ ರಸ್ಸನ್ ಮೊದಲಾದವರು ಡಿಸ್ಕಿನ ಮೇಲಿನ ಬೈಟುಗಳನ್ನೇ ಹೋಲಿಸಿ ನೋಡಿ ರಚನೆಯ ವಿವರಣೆಗಳನ್ನು ಸಿದ್ಧಪಡಿಸಿದರು. ಲಿಪಿ ತಿಳಿಯದ ಶಾಸನವನ್ನು ಓದುವ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಶಾಸನವನ್ನು ಓದುವವನು ಒಂದು ಅಕ್ಷರವನ್ನು ತಪ್ಪಾಗಿ ಓದಿದರೆ ಪಾಠ ಕೆಡುತ್ತದೆ, ಕಲ್ಲು ಕೆಡುವುದಿಲ್ಲ. ಇಲ್ಲಿ ತಪ್ಪು ತಿಳಿವಳಿಕೆಯಿಂದ ಬರೆದರೆ ಕಲ್ಲೇ ಕೆಡುತ್ತದೆ.

ಓದುವುದಕ್ಕಿಂತ ಬರೆಯುವುದು ಏಕೆ ಅಷ್ಟು ಕಷ್ಟವೆಂಬುದನ್ನು ಸ್ವಲ್ಪ ವಿವರಿಸಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿಯೊಂದು ಕಡತದ ವಿವರವೂ ಎಂಎಫ್‌ಟಿ ಎಂಬ ಮಹಾಪಟ್ಟಿಯಲ್ಲಿರುತ್ತದೆ. ಹೊಸ ಕಡತವೊಂದನ್ನು ಸೃಷ್ಟಿಸುವಾಗ ಆ ಪಟ್ಟಿಯಲ್ಲಿ ನಮೂದು ಮಾಡಬೇಕು. ಯಾವ ಜಾಗ ತುಂಬಿದೆಯೆಂಬುದನ್ನು ತೋರಿಸುವ ನಕ್ಷೆಯನ್ನು ತಿದ್ದಬೇಕು. ಕೋಶದ ಸೂಚಿಯಲ್ಲಿ, ಎಂದರೆ ಅಕಾರಾದಿಯಾಗಿ ಕವಲೊಡೆದ ಮರದಲ್ಲಿ, ಸರಿಯಾದ ಎಡೆಯಲ್ಲಿ ಹೆಸರನ್ನು ಸೇರಿಸಬೇಕು. ಇವೆಲ್ಲಕ್ಕೂ ಮೊದಲು, ಮಾಡಹೊರಟಿರುವ ಬದಲಾವಣೆಯನ್ನು ದಿನಚರಿಯಂಥ ಒಂದು ಕಡತದಲ್ಲಿ ಬರೆದಿಡಬೇಕು. ನಡುವೆ ವಿದ್ಯುತ್ತು ಹೋದರೆ ವಿಂಡೋಸ್ ಈ ದಿನಚರಿಯನ್ನು ನೋಡಿ ಅರ್ಧದಲ್ಲಿ ನಿಂತ ಕೆಲಸವನ್ನು ಸರಿಪಡಿಸುತ್ತದೆ. ಹೀಗಿರುವಲ್ಲಿ, ದಿನಚರಿಯ ಭಾಷೆ ತಿಳಿಯದ ಪರಕೀಯನು ಅದನ್ನು ಮುಟ್ಟದೆ ಉಳಿದುದನ್ನು ತಿದ್ದಿದರೆ, ಮುಂದೆ ವಿಂಡೋಸ್ ಹಳೆಯ ದಿನಚರಿಯನ್ನು ನಂಬಿ ಹೊಸ ಬರಹದ ಮೇಲೆ ಹಳೆಯದನ್ನು ಹೇರಬಹುದು. ಆ ಕಾಲದ ಕರ್ನಲ್ ಸಂಯೋಜನೆಯ ಪಟ್ಟಿಯಲ್ಲಿ ಎನ್‌ಟಿಎಫ್‌ಎಸ್ ಮೇಲೆ ಬರೆಯುವ ಸೌಕರ್ಯದ ಮುಂದೆ ಅಪಾಯಕರ ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸಿದ್ದುದು ಈ ಕಾರಣದಿಂದಲೇ.

೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಎನ್‌ಟಿಎಫ್‌ಎಸ್ ಕಚೇರಿಗಳಿಂದ ಮನೆಗಳಿಗೆ ಇಳಿಯಿತು. ಸಮಸ್ಯೆಯೂ ಅದರೊಡನೆ ಇಳಿಯಿತು. ೨೦೦೨ರಲ್ಲಿ ಆಂಟನ್ ಆಲ್ಟಪರ್ಮಕೋವ್ ಚಾಲಕವನ್ನು ಹೊಸದಾಗಿ ಬರೆದರು. ಅವರ ನಿಲುವು ಅತ್ಯಂತ ಸಂಯಮದ್ದು. ಇದ್ದ ಕಡತದ ಮೇಲೆ, ಅದರ ಉದ್ದ ಬದಲಾಗದಂತೆ, ಬರೆಯಬಹುದು. ಹೊಸ ಕಡತವನ್ನು ಸೃಷ್ಟಿಸಬಾರದು, ಅಳಿಸಬಾರದು, ಹೆಸರು ಬದಲಾಯಿಸಬಾರದು. ಬರೆಯುವ ಮುನ್ನ ದಿನಚರಿಯನ್ನು ಬರಿದುಮಾಡಿ, ವಿಭಾಗವನ್ನು ತಪಾಸಣೆಗೊಳಪಡಿಸಬೇಕೆಂಬ ಗುರುತನ್ನು ಹಾಕುತ್ತಿದ್ದರು. ಮುಂದಿನ ಬಾರಿ ವಿಂಡೋಸೇ ಅದನ್ನು ಪರಿಶೀಲಿಸಿಕೊಳ್ಳಲಿ ಎಂಬ ಭಾವ. ಈ ಸಂಯಮವನ್ನು ಅಸಾಮರ್ಥ್ಯವೆಂದು ಹಳಿದವರುಂಟು. ತಿಳಿಯದುದನ್ನು ತಿಳಿದಂತೆ ಬರೆಯದಿರುವುದು ಸಾಮರ್ಥ್ಯದ ಕೊರತೆಯೇ ಎಂಬುದನ್ನು ಓದುಗರು ಯೋಚಿಸಬೇಕು. ಈ ಚಾಲಕದ ಪೂರ್ವನಿಯೋಜಿತ ರೀತಿಯಲ್ಲಿ ಕಡತಗಳು ರೂಟಿಗೆ ಮಾತ್ರ ಸೇರಿದ್ದು, ಇತರರು ಓದಲೂ ಬಾರದಂತೆ ಇರುತ್ತಿದ್ದುವು. ಹೊಸಬರು ಯುಮಾಸ್ಕನ್ನು ತಿದ್ದಿ ಓದುವ ಅಧಿಕಾರ ಪಡೆದು, ಅದೇ ದಾರಿಯಿಂದ ಬರೆಯುವ ಅಧಿಕಾರವೂ ಸಿಗಬೇಕೆಂದು ಹಟ ಹಿಡಿದರು. ಇಲ್ಲವೆಂಬ ಎರಡು ಮಾತುಗಳು ಬೇರೆ ಬೇರೆಯೆಂಬುದು ಅವರಿಗೆ ತೋರಲಿಲ್ಲ.

ಬೇರೆ ದಾರಿಗಳನ್ನು ಹುಡುಕಿದವರೂ ಇದ್ದರು. ೨೦೦೩ರಲ್ಲಿ ಯಾನ್ ಕ್ರಾಟೊಖ್ವಿಲ್ ರಚಿಸಿದ ಕ್ಯಾಪ್ಟಿವ್ ಎಂಬ ತಂತ್ರಾಂಶ, ಮೈಕ್ರೋಸಾಫ್ಟಿನ ಮೂಲ ಚಾಲಕವನ್ನೇ ಲಿನಕ್ಸಿನಲ್ಲಿ ಸೆರೆಯಾಳಿನಂತೆ ಇರಿಸಿಕೊಂಡು ಅದರಿಂದ ಬರೆಯಿಸುತ್ತಿದ್ದಿತು. ಉಪಾಯ ಜಾಣತನದ್ದೇ, ಬಹುಕಾಲ ನಿಲ್ಲಲಿಲ್ಲ. ನಿಜವಾದ ತಿರುವು ಬಂದದ್ದು ಮಿಕ್ಲೋಷ್ ಸೆರೆದಿಯವರ ಫ್ಯೂಸ್ ಎಂಬ ವ್ಯವಸ್ಥೆ ೨೦೦೫ರ ಅಕ್ಟೋಬರಿನಲ್ಲಿ ಕರ್ನಲಿನ ೨.೬.೧೪ನೆಯ ಆವೃತ್ತಿಗೆ ಸೇರಿದಾಗ. ಇದರಿಂದ ಕಡತವ್ಯವಸ್ಥೆಯ ಚಾಲಕವನ್ನು ಕರ್ನಲಿನ ಹೊರಗೆ, ಸಾಮಾನ್ಯ ಕಾರ್ಯಕ್ರಮದಂತೆ ಬರೆಯುವುದು ಸಾಧ್ಯವಾಯಿತು. ಚಾಲಕ ಕುಸಿದರೂ ಕರ್ನಲ್ ಕುಸಿಯದು. ಈ ತಳಹದಿಯ ಮೇಲೆ ಸಾಬೊಲ್ಚ್ ಸಾಕಾಚಿಚ್ ೨೦೦೬ರಲ್ಲಿ ಎನ್‌ಟಿಎಫ್‌ಎಸ್-೩ಜಿ ಎಂಬ ಚಾಲಕವನ್ನು ಪ್ರಕಟಿಸಿದರು. ೨೦೦೭ರ ಫೆಬ್ರವರಿಯಲ್ಲಿ ಅದರ ಮೊದಲನೆಯ ಸ್ಥಿರ ಆವೃತ್ತಿ ಹೊರಬಂದಿತು. ಸೃಷ್ಟಿಸುವುದು, ಅಳಿಸುವುದು, ಹೆಸರು ಬದಲಾಯಿಸುವುದು ಎಲ್ಲವೂ ಸಾಧ್ಯವಾಯಿತು. ಎನ್‌ಟಿ ಹುಟ್ಟಿ ಹದಿನಾಲ್ಕು ವರ್ಷಗಳಾಗುವ ಹೊತ್ತಿಗೆ ಎರಡನೆಯ ನಿರಾಕರಣೆ ಬಹುಮಟ್ಟಿಗೆ ಮುಗಿದಿತ್ತು.

ಒಡೆಯರ ಪ್ರಶ್ನೆಗೆ ಈ ಚಾಲಕ ಕೊಟ್ಟ ಉತ್ತರ ಉದಾರವಾದುದು: ಬೇರೆ ಸೂಚನೆಯಿಲ್ಲದಿದ್ದರೆ ಎಲ್ಲರಿಗೂ ಎಲ್ಲ ಅಧಿಕಾರ. ಅದು ಬೇಡವೆನ್ನುವವರಿಗಾಗಿ ಜಾನ್-ಪಿಯರ್ ಆಂದ್ರೆ ಇನ್ನೊಂದು ಕ್ರಮವನ್ನು ಬೆಳೆಸಿದರು. ವಿಂಡೋಸಿನ ಇಂಥ ಭದ್ರತಾ ಸಂಖ್ಯೆಯವನೇ ಲಿನಕ್ಸಿನ ಇಂಥ ಅಂಕೆಯವನು ಎಂದು ಒಂದು ಚಿಕ್ಕ ಕಡತದಲ್ಲಿ ಬರೆದು ಅದೇ ವಿಭಾಗದಲ್ಲಿ ಇಟ್ಟರೆ, ಚಾಲಕ ಅದನ್ನು ನೋಡಿ ಎರಡೂ ಕಡೆಯ ಅಧಿಕಾರಗಳನ್ನು ಹೊಂದಿಸುತ್ತದೆ. ಆಗ ಚ್‌ಮಾಡ್ ಆಜ್ಞೆಯೂ ಫಲಿಸುತ್ತದೆ. ಮೇಲೆ ಹೇಳಿದ ಸಾಕ್ಷಿ ಇಲ್ಲಿ ಮೊದಲ ಬಾರಿಗೆ ಬರಹದ ರೂಪದಲ್ಲಿ ದೊರೆತಂತಾಯಿತು. ಇದನ್ನು ಬಳಸುವವರು ವಿರಳ.

ಮೂರನೆಯ ನಿರಾಕರಣೆ ೨೦೧೨ರ ಅಕ್ಟೋಬರಿನಲ್ಲಿ ವಿಂಡೋಸ್ ೮ ಹೊರಬಂದುದರ ಫಲ. ಯಂತ್ರ ಬೇಗ ಏಳಬೇಕೆಂಬ ಉದ್ದೇಶದಿಂದ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡನ್ನು ಮಾಡಿದರು. ಬಳಕೆದಾರನು ಯಂತ್ರವನ್ನು ಮುಚ್ಚುವಂತೆ ಹೇಳಿದಾಗ ಅವನ ಕಾರ್ಯಕ್ರಮಗಳು ಮುಚ್ಚುತ್ತವೆ. ಆದರೆ ವಿಂಡೋಸಿನ ತಿರುಳು ಮುಚ್ಚುವುದಿಲ್ಲ, ತನ್ನ ನೆನಪನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ನಿದ್ರಿಸುತ್ತದೆ. ಆ ನೆನಪಿನಲ್ಲಿ ಕಡತವ್ಯವಸ್ಥೆಯ ಸ್ಥಿತಿಯೂ ಸೇರಿರುತ್ತದೆ. ಅದು ನಿದ್ರಿಸುತ್ತಿರುವಾಗ ಲಿನಕ್ಸ್ ಬಂದು ಅದೇ ವಿಭಾಗದಲ್ಲಿ ಬರೆದರೆ, ಎಚ್ಚೆತ್ತ ವಿಂಡೋಸ್ ತಾನು ಮಲಗುವಾಗ ಇದ್ದ ಡಿಸ್ಕೇ ಈಗಲೂ ಇದೆಯೆಂದು ನಂಬಿ ಮುಂದುವರಿಯುತ್ತದೆ. ಹೊಸ ಕಡತಗಳು ಮಾಯವಾಗಬಹುದು, ಹಳೆಯವೂ ಕೆಡಬಹುದು. ಆದುದರಿಂದ ಎನ್‌ಟಿಎಫ್‌ಎಸ್-೩ಜಿ ಚಾಲಕವು ನಿದ್ರೆಯ ಗುರುತನ್ನು ಕಂಡೊಡನೆ ಬರೆಯಲು ಒಪ್ಪುವುದಿಲ್ಲ. ಅದರ ಇತ್ತೀಚಿನ ಆವೃತ್ತಿಗಳು ಓದಲು ಮಾತ್ರ ಬಿಡುತ್ತವೆ. ಬಳಕೆದಾರನಿಗೆ ಕಾಣುವುದು ಮಾತ್ರ ಹಳೆಯ ಅನುಭವವೇ: ಓದಬಹುದು, ಬರೆಯಲಾಗದು. ತಾನು ಯಂತ್ರವನ್ನು ಸರಿಯಾಗಿ ಮುಚ್ಚಿದ್ದೇನೆಂಬ ನಂಬಿಕೆಯೂ ಅವನಲ್ಲಿ ದೃಢವಾಗಿರುತ್ತದೆ.

ಇಲ್ಲಿ ಯುಐಡಿಯನ್ನೋ ಯುಮಾಸ್ಕನ್ನೋ ತಿದ್ದಿ ಪ್ರಯೋಜನವಿಲ್ಲ. ನಿದ್ರೆಯ ಕಡತವನ್ನೇ ಅಳಿಸಿ ಒಳನುಗ್ಗುವ ಸೂಚನೆಯೊಂದು ಚಾಲಕದಲ್ಲಿ ಇದೆ. ಅದರಿಂದ ವಿಂಡೋಸಿನಲ್ಲಿ ಉಳಿಸದೆ ಬಿಟ್ಟ ಕೆಲಸವೆಲ್ಲ ನಷ್ಟವಾಗುತ್ತದೆ. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಉಪಕರಣವನ್ನೂ ಅನೇಕರು ಸರ್ವರೋಗಕ್ಕೂ ಮದ್ದೆಂಬಂತೆ ಸೂಚಿಸುತ್ತಾರೆ. ಅದು ಕೆಲವು ಮೂಲಭೂತ ದೋಷಗಳನ್ನು ತಿದ್ದಿ, ದಿನಚರಿಯನ್ನು ಬರಿದುಮಾಡಿ, ವಿಂಡೋಸಿನ ತಪಾಸಣೆಗೆ ಏರ್ಪಾಡು ಮಾಡುವ ಸಾಧನವೇ ಹೊರತು ವಿಂಡೋಸಿನ ಚೆಕ್‌ಡಿಸ್ಕಿಗೆ ಬದಲಿಯಲ್ಲ. ಒಡೆಯನು ನಿದ್ರಿಸುತ್ತಿರುವಾಗ ಅವನ ಲೆಕ್ಕದ ಪುಸ್ತಕವನ್ನು ತಿದ್ದುವುದಕ್ಕಿಂತ ಅವನನ್ನು ಎಬ್ಬಿಸುವುದು ಲೇಸು. ವಿಂಡೋಸಿಗೆ ಮರಳಿ, ಫಾಸ್ಟ್ ಸ್ಟಾರ್ಟಪ್ ಏರ್ಪಾಡನ್ನು ತೆಗೆದುಹಾಕಿ, ಪೂರ್ಣವಾಗಿ ಮುಚ್ಚಿ ಬಂದರೆ ಬರೆಯುವ ಅಧಿಕಾರ ತಾನಾಗಿ ದೊರೆಯುತ್ತದೆ. ಹೆಚ್ಚು ಹೊತ್ತು ಹಿಡಿಯುವ ದಾರಿಯಿದು. ಕಡತಗಳು ಉಳಿಯುವ ದಾರಿಯೂ ಇದೇ.

ಇದಾದ ಮೇಲೆ ೨೦೨೦ರ ಆಗಸ್ಟಿನಲ್ಲಿ ಪ್ಯಾರಗಾನ್ ಸಂಸ್ಥೆಯು ಎನ್‌ಟಿಎಫ್‌ಎಸ್೩ ಎಂಬ ತನ್ನ ಚಾಲಕವನ್ನು ಕರ್ನಲಿಗೆ ಒಪ್ಪಿಸಲು ಮುಂದೆ ಬಂದಿತು. ಸುಮಾರು ೨೭,೦೦೦ ಸಾಲುಗಳನ್ನು ಒಂದೇ ಕಂತೆಯಾಗಿ ತಂದು ಸುರಿದುದಕ್ಕೆ ವಿಮರ್ಶಕರು ಅಸಮಾಧಾನಗೊಂಡರು. ಮತ್ತೆ ಮತ್ತೆ ತಿದ್ದಿದ ಅನಂತರ ೨೦೨೧ರ ಅಕ್ಟೋಬರ್ ೩೧ರಂದು ಹೊರಬಂದ ೫.೧೫ನೆಯ ಆವೃತ್ತಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ೨೦೨೪ರಲ್ಲಿ, ೬.೯ನೆಯ ಆವೃತ್ತಿಯ ಹೊತ್ತಿಗೆ, ಆಲ್ಟಪರ್ಮಕೋವರ ಹಳೆಯ ಚಾಲಕವನ್ನು ತೆಗೆದುಹಾಕಲಾಯಿತು. ಎನ್‌ಟಿಎಫ್‌ಎಸ್೩ ತಪಾಸಣೆಯ ಗುರುತುಳ್ಳ ವಿಭಾಗವನ್ನು ಒತ್ತಾಯಪಡಿಸದೆ ಜೋಡಿಸುವುದಿಲ್ಲ. ಒಡೆಯನನ್ನೂ ಯುಮಾಸ್ಕನ್ನೂ ಸೂಚಿಸದಿದ್ದರೆ ಅದು ಮೌಂಟ್ ಮಾಡಿದವನಿಂದಲೇ ಅವೆರಡನ್ನೂ ಪಡೆಯುತ್ತದೆ. ಪರದೆಯ ಮೇಲಿನ ಚಿತ್ರವನ್ನು ಒತ್ತಿ ವಿಭಾಗವನ್ನು ತೆರೆಯುವವರಿಗೆ ತೊಂದರೆಯಿಲ್ಲ. ಅಲ್ಲಿ ಬಳಕೆದಾರನ ಅಂಕೆಯನ್ನು ವ್ಯವಸ್ಥೆಯೇ ತುಂಬಿಕೊಡುತ್ತದೆ. ಎಫ್‌ಎಸ್‌ಟ್ಯಾಬಿನಲ್ಲಿ ತಾವೇ ಸಾಲನ್ನು ಬರೆದು, ಹಳೆಯ ಚಾಲಕದ ಔದಾರ್ಯಕ್ಕೆ ಒಗ್ಗಿಹೋಗಿ ಯುಐಡಿಯನ್ನು ಬಿಟ್ಟವರು ಮಾತ್ರ, ಹೊಸ ಚಾಲಕ ಬಂದ ದಿನ ತಮ್ಮ ಕಡತಗಳೆಲ್ಲ ರೂಟಿನ ಪಾಲಾಗಿರುವುದನ್ನು ಕಾಣುತ್ತಾರೆ. ಫ್ಯಾಟಿನ ಕಾಲದ ಮೊದಲನೆಯ ನಿರಾಕರಣೆ ಹೀಗೆ ಎನ್‌ಟಿಎಫ್‌ಎಸ್ ವಿಭಾಗಗಳಿಗೆ ಬಂದು ಸೇರಿದೆ; ಯುಐಡಿ, ಜಿಐಡಿಗಳನ್ನು ಸೂಚಿಸಿ ಮತ್ತೆ ಜೋಡಿಸುವ ಆ ಕಾಲದ ಪರಿಹಾರವೇ ಇದಕ್ಕೂ ಸಲ್ಲುತ್ತದೆ.